ಬಾಲ್‌ಪೆನ್ ರೀಫಿಲ್‌ಗಿಂತ ಸಣ್ಣ ನಾಳ: ಆಪರೇಷನ್ ಆದ ಪುಟ್ಟ ಹೃದಯಗಳಿಗೆ ಬ್ಲಾಕ್ ಯಾಕೆ ಬರುತ್ತೆ?



‘ಹಾರ್ಟಲ್ಲಿ ಬ್ಲಾಕ್ ಇದೆಯಂತೆ’ ಅಂತ ಯಾರಾದ್ರೂ ಹೇಳಿದ ತಕ್ಷಣ ನಮ್ಮ ತಲೆಗೆ ಬರೋ ಚಿತ್ರ ಒಂದೇ. ಐವತ್ತು ದಾಟಿದ ಅಂಕಲ್, ಬಿಪಿ, ಶುಗರ್, ಸಿಗರೇಟು, ಆಮೇಲೆ ಸ್ಟೆಂಟ್. ಇವತ್ತಿನ ಎಪಿಸೋಡ್‌ನಲ್ಲಿ ಬರೋ ರೋಗಿಗಳು ಸಿಗರೇಟು ಮುಟ್ಟಿದವರಲ್ಲ. ಕೆಲವರಿಗೆ ಇನ್ನೂ ಹಲ್ಲೇ ಬಂದಿಲ್ಲ. ಆದರೂ ಅವರ ಹೃದಯದ ರಕ್ತನಾಳ ಕಿರಿದಾಗಿದೆ. ಕಾರಣ ಏನು ಗೊತ್ತಾ? ಅವರ ಜೀವ ಉಳಿಸಿದ ಆಪರೇಷನ್ನೇ.

ನಾನು ಕಾಮರ್ಸ್ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಇದು ವೈದ್ಯಕೀಯ ಸಲಹೆ ಅಲ್ಲ, ಇತಿಹಾಸ. ಈ ಇತಿಹಾಸ ಟೊರಾಂಟೊದಿಂದ ಸಾವೊ ಪಾಲೊಗೆ, ಅಲ್ಲಿಂದ ಲಂಡನ್, ಪ್ಯಾರಿಸ್, ಜಪಾನ್ ಸುತ್ತಿಕೊಂಡು ಕೊನೆಗೆ ನಮ್ಮ ಬೆಂಗಳೂರಿಗೂ ಬರುತ್ತೆ.

ಎರಡು ಬಸ್, ಎರಡು ರೂಟ್

ಮೊದಲು ಕಾಯಿಲೆ ಏನು ಅಂತ ನೋಡೋಣ. ಆರೋಗ್ಯವಂತ ಹೃದಯದಲ್ಲಿ ಬಲಭಾಗದ ಪಂಪ್ ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಭಾಗಕ್ಕೆ ಬರುತ್ತೆ, ಎಡಭಾಗದ ಪಂಪ್ ಅದನ್ನು ಇಡೀ ಮೈಗೆ ತಳ್ಳುತ್ತೆ. ಈ ಎರಡು ಪಂಪ್‌ಗಳಿಂದ ಹೊರಡುವ ದೊಡ್ಡ ನಾಳಗಳು ಕೆಲವು ಮಕ್ಕಳಲ್ಲಿ ಅದಲುಬದಲಾಗಿರುತ್ತವೆ. ಇದಕ್ಕೆ ‘ಟ್ರಾನ್ಸ್‌ಪೊಸಿಷನ್’ ಅಂತಾರೆ. ಹುಟ್ಟುವ ಸುಮಾರು 3,500ರಿಂದ 5,000 ಮಕ್ಕಳಲ್ಲಿ ಒಂದು ಮಗುವಿಗೆ ಹೀಗಾಗುತ್ತೆ.

ಎರಡು ಬಸ್ ಇದೆ ಅಂದುಕೊಳ್ಳಿ. ಒಂದು ಬಸ್ ಪೆಟ್ರೋಲ್ ಬಂಕ್ ಸುತ್ತಲೇ ಸುತ್ತುತ್ತಾ ಇರುತ್ತೆ, ಊರೊಳಗೆ ಬರೋದೇ ಇಲ್ಲ. ಇನ್ನೊಂದು ಊರೆಲ್ಲ ಓಡಾಡುತ್ತೆ, ಬಂಕ್ ಕಡೆ ಹೋಗೋದೇ ಇಲ್ಲ. ಮಗುವಿನ ಮೈಯಲ್ಲೂ ಅದೇ ಆಗ್ತಿರುತ್ತೆ. ಆಮ್ಲಜನಕ ಇರೋ ರಕ್ತ ಶ್ವಾಸಕೋಶಕ್ಕೇ ವಾಪಸ್, ಇಲ್ಲದ ರಕ್ತ ಮೈಗೇ ವಾಪಸ್. ತುಟಿ, ಉಗುರು ನೀಲಿಯಾಗುತ್ತೆ. ಚಿಕಿತ್ಸೆ ಸಿಗದಿದ್ದರೆ ಇಂಥ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮೊದಲ ಹುಟ್ಟುಹಬ್ಬ ನೋಡಲ್ಲ.

ಸ್ಕಾಟ್ಲೆಂಡ್ ಮೂಲದ ವೈದ್ಯ ಮ್ಯಾಥ್ಯೂ ಬೇಯ್ಲಿ ಈ ದೋಷವನ್ನು ವಿವರಿಸಿದ್ದು 1797ರಲ್ಲಿ. ಅಲ್ಲಿಂದ ಸುಮಾರು ನೂರೈವತ್ತು ವರ್ಷ ವೈದ್ಯರಿಗೆ ಕಾಯಿಲೆಯ ಹೆಸರು ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ.

ಅಡ್ಡದಾರಿಗಳ ಕಾಲ

ನೇರ ಉಪಾಯ ಯಾರಿಗಾದ್ರೂ ಹೊಳೆಯುತ್ತೆ. ಅದಲುಬದಲಾದ ನಾಳಗಳನ್ನು ಕತ್ತರಿಸಿ ಮತ್ತೆ ಅದಲುಬದಲು ಮಾಡಿದ್ರೆ ಆಯ್ತಲ್ವಾ? 1950ರ ದಶಕದ ಆರಂಭದಲ್ಲಿ ಟೊರಾಂಟೊದ ಸರ್ಜನ್ ವಿಲಿಯಂ ಮಸ್ಟರ್ಡ್ ಇದನ್ನೇ ಪ್ರಯತ್ನಿಸಿದರು. ಮಕ್ಕಳಿಗೆ ಹೊಂದುವ ಹಾರ್ಟ್-ಲಂಗ್ ಮಷೀನ್ ಆಗ ಇರಲಿಲ್ಲ. ಆಪರೇಷನ್ ನಡೆಯುವಾಗ ಮಗುವಿನ ರಕ್ತಕ್ಕೆ ಆಮ್ಲಜನಕ ತುಂಬಲು ಅವರು ಬಳಸಿದ್ದು ಕೋತಿಯ ಶ್ವಾಸಕೋಶ! ಆ ಮಕ್ಕಳು ಯಾರೂ ಉಳಿಯಲಿಲ್ಲ.

ಅಲ್ಲಿ ಅಡ್ಡ ಬಂದ ಇನ್ನೊಂದು ವಿಷಯವೇ ನಮ್ಮ ಇವತ್ತಿನ ಕಥಾನಾಯಕ: ಕರೊನರಿ ರಕ್ತನಾಳ. ಹೃದಯ ಇಡೀ ಮೈಗೆ ರಕ್ತ ಹಂಚುತ್ತೆ, ಸರಿ. ಆದರೆ ಹೃದಯದ ಸ್ನಾಯುವಿಗೂ ರಕ್ತ ಬೇಕಲ್ಲ? ಅದನ್ನು ಕೊಡೋದು ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಎರಡು ಸಣ್ಣ ನಾಳಗಳು. ದೊಡ್ಡ ನಾಳಗಳನ್ನು ಅದಲುಬದಲು ಮಾಡಿದರೆ ಈ ಎರಡನ್ನೂ ಕಿತ್ತು ಹೊಸ ಜಾಗದಲ್ಲಿ ಕೂರಿಸಬೇಕು. ನವಜಾತ ಶಿಶುವಿನಲ್ಲಿ ಅವುಗಳ ಅಗಲ ಒಂದೆರಡು ಮಿಲಿಮೀಟರ್. ನಿಮ್ಮ ಬಾಲ್‌ಪೆನ್ ರೀಫಿಲ್‌ಗಿಂತ ಸಣ್ಣದು. ಹೊಲಿಗೆ ಸ್ವಲ್ಪ ಬಿಗಿಯಾದರೆ, ನಾಳ ಸ್ವಲ್ಪ ತಿರುಚಿಕೊಂಡರೆ, ಹೃದಯಕ್ಕೇ ರಕ್ತ ಇಲ್ಲ.

ಹಾಗಾಗಿ ಸರ್ಜನ್‌ಗಳು ಕರೊನರಿಯನ್ನು ಮುಟ್ಟದ ಅಡ್ಡದಾರಿ ಹುಡುಕಿದರು. 1950ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬ್ಲಾಲಾಕ್ ಮತ್ತು ಹ್ಯಾನ್ಲನ್, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಮಾಡುವ ವಿಧಾನ ಪ್ರಕಟಿಸಿದರು. ಎರಡು ಬಸ್ಸಿನ ಪ್ರಯಾಣಿಕರು ಒಂದು ಕಡೆಯಾದ್ರೂ ಬೆರೆಯಲಿ ಅನ್ನೋ ಲೆಕ್ಕ. ಈ ತಂತ್ರವನ್ನು ಪ್ರಯೋಗಾಲಯದಲ್ಲಿ ರೂಪಿಸಿದ್ದರಲ್ಲಿ ದೊಡ್ಡ ಪಾಲು ವಿವಿಯನ್ ಥಾಮಸ್ ಅವರದು. ಕಪ್ಪುವರ್ಣೀಯ, ಮೆಡಿಕಲ್ ಡಿಗ್ರಿ ಇಲ್ಲದ ಟೆಕ್ನಿಷಿಯನ್. ಅದೇ ಸಂಸ್ಥೆ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು 1976ರಲ್ಲಿ. 1966ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ರ‍್ಯಾಶ್‌ಕೈಂಡ್ ಎದೆ ತೆರೆಯದೇ, ರಕ್ತನಾಳದ ಮೂಲಕ ಬಲೂನ್ ತೂರಿಸಿ ಅದೇ ತೂತನ್ನು ಅಗಲ ಮಾಡಿ ತೋರಿಸಿದರು.

ಇನ್ನೊಂದು ಅಡ್ಡದಾರಿ ಸ್ವೀಡನ್ನಿನ ಓಕೆ ಸೆನ್ನಿಂಗ್ 1950ರ ದಶಕದ ಕೊನೆಗೆ ಹುಡುಕಿದ್ದು, ಆಮೇಲೆ 1963ರಲ್ಲಿ ಮಸ್ಟರ್ಡ್ ತಮ್ಮದೇ ರೀತಿಯಲ್ಲಿ ಮಾಡಿದ್ದು. ಹೊರಹೋಗುವ ನಾಳ ಬದಲಿಸುವ ಬದಲು ಒಳಬರುವ ರಕ್ತದ ದಾರಿಯನ್ನೇ ತಿರುಗಿಸೋದು. ಕರೊನರಿ ಇದ್ದಲ್ಲೇ ಇರುತ್ತೆ. ಸಾವಿರಾರು ಮಕ್ಕಳು ಉಳಿದರು.

ನಾವು ಬಿಕಾಂನವರು ಇದನ್ನು ಸಾಲ ಅಂತೀವಿ. ಇವತ್ತಿನ ಕಷ್ಟ ತೀರುತ್ತೆ, ಕಂತು ಮುಂದೆ ಕಟ್ಟಬೇಕು. ಈ ಆಪರೇಷನ್ ಆದವರಲ್ಲಿ ಇಡೀ ಮೈಗೆ ರಕ್ತ ತಳ್ಳುವ ಕೆಲಸ ಬಲಭಾಗದ ಪಂಪಿಗೇ ಉಳಿಯಿತು. ಅದು ಆ ಭಾರಕ್ಕೆ ಹುಟ್ಟಿದ್ದಲ್ಲ. ಇಪ್ಪತ್ತು, ಮೂವತ್ತು ವರ್ಷವಾಗುವಷ್ಟರಲ್ಲಿ ಹಲವರಿಗೆ ಪಂಪ್ ಸೋಲುತ್ತಾ ಬಂತು, ಹೃದಯದ ಬಡಿತದ ಲಯ ತಪ್ಪತೊಡಗಿತು.

ಸಾವೊ ಪಾಲೊ, 1975

ನೇರ ದಾರಿಗೆ ಮತ್ತೆ ಕೈ ಹಾಕಿದ್ದು ಬ್ರೆಜಿಲ್‌ನ ಅದಿಬ್ ಜಟೇನೆ. ಲೆಬನಾನ್‌ನಿಂದ ವಲಸೆ ಬಂದ ಕುಟುಂಬದ ಮಗ, ಹುಟ್ಟಿದ್ದು ಅಮೆಜಾನ್ ಕಾಡಿನ ಅಂಚಿನ ಶಾಪುರಿ ಅನ್ನೋ ಸಣ್ಣ ಊರಲ್ಲಿ. 1975ರಲ್ಲಿ ಸಾವೊ ಪಾಲೊದಲ್ಲಿ ಅವರು ಎರಡು ದೊಡ್ಡ ನಾಳಗಳನ್ನೂ ಕತ್ತರಿಸಿ ಬದಲಿಸಿದರು, ಎರಡೂ ಕರೊನರಿಗಳನ್ನು ಹೊಸ ಮಹಾಪಧಮನಿಗೆ ಹೊಲಿದರು. ಮಗು ಬದುಕಿತು. ಇದೇ ‘ಆರ್ಟೀರಿಯಲ್ ಸ್ವಿಚ್’, ಇವತ್ತಿಗೂ ಇದಕ್ಕೆ ಜಟೇನೆ ಆಪರೇಷನ್ ಅಂತಾನೂ ಕರೀತಾರೆ. ಜಟೇನೆ ಮುಂದೆ ಎರಡು ಬಾರಿ ಬ್ರೆಜಿಲ್‌ನ ಆರೋಗ್ಯ ಸಚಿವರೂ ಆದರು.

ಕರೊನರಿಯನ್ನು ಹೇಗೆ ಕಿತ್ತರು? ಇದನ್ನು ಟೈಲರ್ ಕೆಲಸದ ಹಾಗೆ ಊಹಿಸಿಕೊಳ್ಳಿ. ನಾಳವನ್ನಷ್ಟೇ ಕತ್ತರಿಸಿದರೆ ಹೊಲಿಯಲು ಅಂಚೇ ಸಿಗಲ್ಲ. ಅದಕ್ಕೆ ನಾಳದ ಬಾಯಿಯ ಸುತ್ತ ಮಹಾಪಧಮನಿಯ ಗೋಡೆಯ ಒಂದು ಚೂರನ್ನೂ ಸೇರಿಸಿ ಗುಂಡಿಯ ಆಕಾರದಲ್ಲಿ ಕತ್ತರಿಸಬೇಕು. ಸರ್ಜನ್‌ಗಳು ಅದನ್ನು ‘ಬಟನ್’ ಅಂತಲೇ ಕರೀತಾರೆ. ಆ ಬಟನ್‌ಗೆ ಹೊಸ ಗೋಡೆಯಲ್ಲಿ ಸರಿಯಾದ ಜಾಗ ನೋಡಿ ಹೊಲಿಗೆ.

ಆರಂಭದಲ್ಲಿ ಸಾವುಗಳು ತುಂಬಾ ಆದವು. ಒಂದೊಂದೇ ತೊಡಕನ್ನು ಒಬ್ಬೊಬ್ಬರು ಬಿಡಿಸಿದರು. ಕೆಲವು ವಾರ ಕಳೆದರೆ ಮಗುವಿನ ಎಡಭಾಗದ ಪಂಪ್ ಸೊರಗಿಬಿಡುತ್ತೆ, ಯಾಕಂದ್ರೆ ಅದು ಅಲ್ಲಿವರೆಗೆ ಶ್ವಾಸಕೋಶಕ್ಕಷ್ಟೇ ರಕ್ತ ತಳ್ಳುತ್ತಿರುತ್ತೆ, ಅದು ಹಗುರ ಕೆಲಸ. ಲಂಡನ್ನಿನ ಮಗ್ದಿ ಯಾಕೂಬ್ ಮೊದಲು ಒಂದು ಸಣ್ಣ ಆಪರೇಷನ್ ಮಾಡಿ ಆ ಪಂಪ್‌ಗೆ ‘ಜಿಮ್’ ಮಾಡಿಸಿ, ಆಮೇಲೆ ಸ್ವಿಚ್ ಮಾಡುವ ದಾರಿ ಕಂಡುಕೊಂಡರು. 1981ರಲ್ಲಿ ಫ್ರಾನ್ಸಿನ ಈವ್ ಲಕೊಂಪ್ಟ್ ದೊಡ್ಡ ನಾಳಗಳನ್ನು ಎಳೆದಾಡದೆ ಜೋಡಿಸುವ ತಂತ್ರ ಕೊಟ್ಟರು. ಬಾಸ್ಟನ್‌ನಲ್ಲಿ ಆಲ್ಡೊ ಕಾಸ್ಟನೇಡ, 1980ರ ದಶಕದ ಮೊದಲರ್ಧದಲ್ಲಿ, ಪಂಪ್ ಸೊರಗುವ ಮೊದಲೇ, ಹುಟ್ಟಿದ ಕೆಲವೇ ದಿನಗಳಲ್ಲಿ ಆಪರೇಷನ್ ಮಾಡಬಹುದು ಅಂತ ತೋರಿಸಿದರು. ಇವತ್ತು ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಕ್ಕಳು ಉಳೀತಾರೆ.

ತನ್ನ ಸೋಲಿನ ಲೆಕ್ಕ ಬರೆದ ಸರ್ಜನ್

ಇಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ಮಾರ್ಕ್ ದ ಲವಾಲ್. ಅವರು ಸ್ವಿಚ್ ಮಾಡಿದ ಮೊದಲ 52 ಶಿಶುಗಳಲ್ಲಿ ತೀರಿಕೊಂಡಿದ್ದು ಒಂದು. ಆಮೇಲಿನ 16ರಲ್ಲಿ ಏಳು ಮಕ್ಕಳು ಹೋದರು. ‘ದುರದೃಷ್ಟ, ಕೇಸ್‌ಗಳೇ ಕಷ್ಟದ್ದಿದ್ದವು’ ಅಂತ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತನಗಿಂತ ಚೆನ್ನಾಗಿ ಮಾಡುತ್ತಿದ್ದ ಇನ್ನೊಬ್ಬ ಸರ್ಜನ್ ಬಳಿ ಹೋಗಿ ಮತ್ತೆ ಕಲಿತರು. ಫ್ಯಾಕ್ಟರಿಗಳಲ್ಲಿ ಗುಣಮಟ್ಟ ಕುಸಿಯುತ್ತಿದೆಯಾ ಅಂತ ಪತ್ತೆ ಹಚ್ಚುವ ಲೆಕ್ಕದ ವಿಧಾನವನ್ನು ತನ್ನ ಆಪರೇಷನ್‌ಗಳಿಗೇ ಹಚ್ಚಿದರು. 1994ರಲ್ಲಿ ಎಲ್ಲವನ್ನೂ ತನ್ನ ಹೆಸರಲ್ಲೇ ಪ್ರಕಟಿಸಿದರು.

ಅದೇ ದೇಶದ ಬ್ರಿಸ್ಟಲ್‌ನಲ್ಲಿ, ಅದೇ ವರ್ಷಗಳಲ್ಲಿ, ಮಕ್ಕಳ ಹೃದಯದ ಆಪರೇಷನ್‌ಗಳಲ್ಲಿ ಆಗುತ್ತಿದ್ದ ಸಾವುಗಳ ಬಗ್ಗೆ ಒಳಗಿನವರೇ ಎಚ್ಚರಿಸಿದರೂ ಕೆಲಸ ಮುಂದುವರಿದಿತ್ತು. ಕೊನೆಗೆ ಸಾರ್ವಜನಿಕ ತನಿಖೆ ನಡೆದು 2001ರಲ್ಲಿ ವರದಿ ಬಂತು. ಸೋಲನ್ನು ಎಣಿಸೋದು ಮತ್ತು ಎಣಿಸದೇ ಇರೋದು, ಇವೆರಡರ ನಡುವಿನ ಅಂತರ ಮಕ್ಕಳ ಜೀವದಲ್ಲಿ ಕಾಣಿಸುತ್ತೆ.

ನೋವಿಲ್ಲದ ಬ್ಲಾಕ್

ಸರಿ, ಮಗು ಉಳಿಯಿತು. ಮನೆಗೆ ಹೋಯಿತು. ತುಟಿ ಕೆಂಪಗಿದೆ, ತೂಕ ಏರುತ್ತಿದೆ. ಕತೆ ಮುಗೀತಾ?

1990ರ ದಶಕದಲ್ಲಿ ಪ್ಯಾರಿಸ್‌ನ ವೈದ್ಯರು ಸ್ವಿಚ್ ಆದ ಮಕ್ಕಳಿಗೆ, ಆರೋಗ್ಯವಾಗಿ ಕಾಣುತ್ತಿದ್ದವರನ್ನೂ ಸೇರಿಸಿ, ಆಂಜಿಯೊಗ್ರಾಂ ಮಾಡಿ ನೋಡಿದರು. ಕೆಲವು ಮಕ್ಕಳಲ್ಲಿ ಕರೊನರಿ ಕಿರಿದಾಗಿತ್ತು, ಕೆಲವರಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಆ ಮಕ್ಕಳಲ್ಲಿ ಆಟ ಆಡಿಕೊಂಡಿದ್ದವರೂ ಇದ್ದರು. 2003ರಲ್ಲಿ ಫ್ರಾನ್ಸಿನ ತಂಡ ಸಾವಿರಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ ಪ್ರಕಟಿಸಿತು. ನೂರಕ್ಕೆ ಸುಮಾರು 7 ಮಕ್ಕಳಿಗೆ ಕರೊನರಿ ತೊಂದರೆ ಬಂದಿತ್ತು. ಹೆಚ್ಚಿನವು ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲಿ. ಉಳಿದವು ನಿಧಾನವಾಗಿ, ವರ್ಷಗಳ ನಂತರ.

ಯಾಕೆ ಹೀಗೆ? ದೊಡ್ಡವರ ಬ್ಲಾಕ್‌ನಲ್ಲಿ ಕೊಬ್ಬು ಕೂತಿರುತ್ತೆ. ಇಲ್ಲಿ ಕಾರಣ ಬೇರೆ. ಸ್ಥಳಾಂತರವಾದ ನಾಳ ಎಳೆದ ಹಾಗೆ ಕೂತಿರಬಹುದು, ಮಡಚಿರಬಹುದು, ಎರಡು ದೊಡ್ಡ ನಾಳಗಳ ನಡುವೆ ಸಿಕ್ಕಿಕೊಂಡಿರಬಹುದು. ಹೊಲಿಗೆಯ ಜಾಗದಲ್ಲಿ ಗಾಯದ ಕಲೆ ಗಟ್ಟಿಯಾಗಬಹುದು, ಒಳಪದರ ದಪ್ಪವಾಗಬಹುದು. ಮಗು ಬೆಳೆಯುತ್ತಾ ಹೋದಂತೆ ಈ ಜ್ಯಾಮಿತಿಯೂ ಬದಲಾಗುತ್ತೆ. ಕರೊನರಿ ಹುಟ್ಟಿನಿಂದಲೇ ಮಹಾಪಧಮನಿಯ ಗೋಡೆಯೊಳಗೇ ಸ್ವಲ್ಪ ದೂರ ಹರಿದಿದ್ದರಂತೂ ಅಪಾಯ ಇನ್ನೂ ಜಾಸ್ತಿ.

ಈಗ ಅತಿ ಮುಖ್ಯವಾದ ಮಾತು. ಕರೊನರಿಯನ್ನು ಕತ್ತರಿಸುವಾಗ ಅದರ ಜೊತೆಗಿದ್ದ ನರದ ಎಳೆಗಳೂ ತುಂಡಾಗುತ್ತವೆ. ಹಾಗಾಗಿ ಹೃದಯಕ್ಕೆ ರಕ್ತ ಸಾಲದೇ ಹೋದರೂ ಮಗುವಿಗೆ ಎದೆನೋವು ಬರದೇ ಇರಬಹುದು. ಅಲಾರಂನ ವೈರೇ ಕಟ್ ಆಗಿದೆ. ಶಿಶುವಿಗಂತೂ ಹೇಳೋಕೆ ಬಾಯಿಯೂ ಇಲ್ಲ. ಹಾಲು ಕುಡಿಯುವಾಗ ಬೆವರೋದು, ಬಿಳುಚಿಕೊಳ್ಳೋದು, ತಡೆಯಿಲ್ಲದೆ ಅಳೋದು, ಇಷ್ಟೇ ಸುಳಿವು. ಕೆಲವೊಮ್ಮೆ ಅದೂ ಇಲ್ಲ. ಹುಡುಕಿದರೆ ಮಾತ್ರ ಸಿಗುವ ಕಾಯಿಲೆ ಇದು.

ದೊಡ್ಡವರ ಅಂಗಡಿಯಲ್ಲಿ ಮಕ್ಕಳ ಸೈಜ್ ಇಲ್ಲ

ಪತ್ತೆಯಾಯಿತು ಅಂದುಕೊಳ್ಳಿ. ಏನು ಮಾಡೋದು? ದೊಡ್ಡವರಿಗೆ ಆಗಲೇ ಉತ್ತರಗಳಿದ್ದವು. 1977ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ 38 ವರ್ಷದ ರೋಗಿಯ ಕರೊನರಿಯೊಳಗೆ ಬಲೂನ್ ಉಬ್ಬಿಸಿ ಬ್ಲಾಕ್ ಬಿಡಿಸಿದರು. ಬಲೂನಿನ ಮೊದಲ ಮಾದರಿಗಳನ್ನು ಅವರು ತಯಾರಿಸಿದ್ದು ಮನೆಯ ಅಡುಗೆಮನೆಯ ಟೇಬಲ್ ಮೇಲೆ! ಆ ಆಸ್ಪತ್ರೆಯಲ್ಲಿ ಅವರ ಬೆನ್ನಿಗೆ ನಿಂತ ಹೃದಯ ಸರ್ಜನ್ ಯಾರು ಗೊತ್ತಾ? ಇದೇ ಎಪಿಸೋಡ್‌ನಲ್ಲಿ ಆಗಲೇ ಬಂದು ಹೋದ ಓಕೆ ಸೆನ್ನಿಂಗ್. ಸ್ವೀಡನ್ ಬಿಟ್ಟು ಜ್ಯೂರಿಕ್‌ಗೆ ಬಂದಿದ್ದರು. 1986ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಕರೊನರಿಗೆ ಮೊದಲ ಸ್ಟೆಂಟ್ ಬಿತ್ತು.

ಮಕ್ಕಳಿಗೆ ಇವು ಸುಲಭವಾಗಿ ಹೊಂದಲಿಲ್ಲ. ಗಾಯದ ಕಲೆಯಿಂದಲೋ ಮಡಚಿಕೊಂಡೋ ಕಿರಿದಾದ ನಾಳ ಬಲೂನಿಗೆ ಅಗಲವಾದರೂ ಮತ್ತೆ ಹಿಂದಿನ ಸ್ಥಿತಿಗೆ ಬರಬಹುದು. ಸ್ಟೆಂಟ್ ಅಂದರೆ ಲೋಹದ ಬಲೆ. ಆರು ತಿಂಗಳ ಮಗುವಿಗೆ ಹಾಕಿದ ಬಲೆ ಅದೇ ಅಳತೆಯಲ್ಲಿ ಇರುತ್ತೆ, ಮಗು ಬೆಳೆಯುತ್ತೆ. ಎಲ್‌ಕೆಜಿಯಲ್ಲಿ ಕೊಡಿಸಿದ ಶೂ ಹಾಕ್ಕೊಂಡು ಕಾಲೇಜಿಗೆ ಹೋಗೋಕಾಗುತ್ತಾ? ಹಾಗಾಗಿ ಪುಟ್ಟ ಮಕ್ಕಳಲ್ಲಿ ಸ್ಟೆಂಟ್ ಬಹುತೇಕ ತುರ್ತಿನ ಅಸ್ತ್ರ, ಬೆಳೆದ ಮಕ್ಕಳಲ್ಲಿ ಆಯ್ಕೆಗಳು ಸ್ವಲ್ಪ ಹೆಚ್ಚು.

ಬೈಪಾಸ್? 1960ರ ದಶಕದ ಕೊನೆಗೆ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ, ಅರ್ಜೆಂಟೀನಾದ ರೆನೆ ಫವಲೊರೊ ಕಾಲಿನ ಅಭಿಧಮನಿ ಬಳಸಿ ಮಾಡುವ ಬೈಪಾಸನ್ನು ಜನಪ್ರಿಯ ಮಾಡಿದ್ದರು. ಮಕ್ಕಳ ಮೈಯಲ್ಲಿ ಆ ಅಭಿಧಮನಿಯ ತುಂಡು ಬೇಗ ಮುಚ್ಚಿಕೊಳ್ಳುತ್ತಿತ್ತು, ಮಗುವಿನ ಜೊತೆ ಸರಿಯಾಗಿ ಬೆಳೆಯುತ್ತಲೂ ಇರಲಿಲ್ಲ.

ಜಪಾನಿನಿಂದ ಬಂದ ಉತ್ತರ

ಉತ್ತರ ಬಂದಿದ್ದು ಇನ್ನೊಂದೇ ಕಾಯಿಲೆಯ ಕಡೆಯಿಂದ. 1961ರಲ್ಲಿ ಟೋಕಿಯೊದ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ ಒಂದು ವಿಚಿತ್ರ ಜ್ವರ ನೋಡಿದರು. ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ಗಂದೆ. 1967ರಲ್ಲಿ ಅಂಥ 50 ಮಕ್ಕಳ ವಿವರ ಪ್ರಕಟಿಸಿದರು. ಈ ಜ್ವರ ಕೆಲವು ಮಕ್ಕಳ ಕರೊನರಿಯನ್ನು ಹಾಳುಮಾಡುತ್ತೆ ಅನ್ನೋದು ಆಮೇಲೆ ಗೊತ್ತಾಯಿತು. ಹಾಗಾಗಿ ಮಕ್ಕಳಿಗೆ ಬೈಪಾಸ್ ಹೇಗೆ ಮಾಡೋದು ಅನ್ನೋ ಪ್ರಶ್ನೆ ಜಪಾನಿನಲ್ಲಿ ದೊಡ್ಡದಾಗಿ ಎದ್ದಿತು.

1980ರ ದಶಕದಲ್ಲಿ ಸೊಯಿಚಿರೊ ಕಿತಾಮುರಾ ಮತ್ತವರ ತಂಡ ಕಾಲಿನ ಅಭಿಧಮನಿ ಬಿಟ್ಟು ಎದೆಗೂಡಿನ ಒಳಗೋಡೆಯಲ್ಲಿ ಇಳಿಯುವ ಅಪಧಮನಿಯನ್ನು ಆರಿಸಿಕೊಂಡಿತು. ಅದರ ಒಂದು ತುದಿಯನ್ನು ಇದ್ದ ಜಾಗದಲ್ಲೇ ಬಿಟ್ಟು, ಇನ್ನೊಂದು ತುದಿಯನ್ನು ಬ್ಲಾಕ್‌ನ ಆಚೆಗೆ ಹೊಲಿದರು. ವರ್ಷಗಳ ನಂತರ ಮತ್ತೆ ನೋಡಿದಾಗ ಆ ನಾಳ ಮಗುವಿನ ಜೊತೆಗೇ ಬೆಳೆದಿತ್ತು. ಉದ್ದವೂ ಆಗಿತ್ತು, ಅಗಲವೂ ಆಗಿತ್ತು.

ಲೋಹ ಬೆಳೆಯಲ್ಲ, ಜೀವಂತ ಅಪಧಮನಿ ಬೆಳೆಯುತ್ತೆ. ಕೇಳೋಕೆ ಸರಳ ಅನ್ನಿಸುತ್ತೆ. ಮಕ್ಕಳ ಕರೊನರಿ ಚಿಕಿತ್ಸೆ ದೊಡ್ಡವರ ಚಿಕಿತ್ಸೆಯ ಮಿನಿ ವರ್ಷನ್ ಅಲ್ಲ ಅನ್ನೋದು ಸ್ಪಷ್ಟವಾಗಿದ್ದು ಇಲ್ಲಿಂದಲೇ. ಸ್ವಿಚ್ ನಂತರ ಕರೊನರಿ ಮುಚ್ಚಿಹೋದ ಮಕ್ಕಳಿಗೂ ಈ ಬೈಪಾಸ್ ಬಂತು.

ಜೊತೆಗೆ ಇನ್ನೊಂದು ದಾರಿಯನ್ನೂ ಪ್ಯಾರಿಸ್‌ನ ನೆಕರ್ ಮಕ್ಕಳ ಆಸ್ಪತ್ರೆಯಂಥ ಕಡೆ ಬೆಳೆಸಿದರು. ಕಿರಿದಾದ ಜಾಗ ಬಹಳ ಸಲ ಕರೊನರಿಯ ಬಾಯಲ್ಲೇ ಇರುತ್ತೆ, ಮುಂದಿನ ನಾಳ ಚೆನ್ನಾಗಿರುತ್ತೆ. ಹಾಗಿದ್ದರೆ ಆ ಬಾಯನ್ನೇ ಉದ್ದಕ್ಕೆ ಸೀಳಿ, ಮಗುವಿನದೇ ಅಭಿಧಮನಿಯ ಅಥವಾ ಹೃದಯದ ಹೊರಪೊರೆಯ ಒಂದು ಚೂರನ್ನು ತೇಪೆ ಹಾಕಿ ಅಗಲ ಮಾಡಬಹುದಲ್ಲ? ಇಕ್ಕಟ್ಟಾದ ಬ್ಲೌಸಿಗೆ ಕಂಕುಳಲ್ಲಿ ತುಂಡು ಬಟ್ಟೆ ಸೇರಿಸುತ್ತಾರಲ್ಲ, ಹಾಗೆ. ರಕ್ತ ತನ್ನ ಸಹಜ ದಾರಿಯಲ್ಲೇ ಹರಿಯುತ್ತೆ. ಎದೆಗೂಡಿನ ಅಪಧಮನಿ ಮುಂದಿನ ದಿನಕ್ಕೆ ಎಫ್‌ಡಿ ಇಟ್ಟ ಹಾಗೆ ಉಳಿಯುತ್ತೆ.

ನಮ್ಮೂರಿನ ಲೆಕ್ಕ

ಈಗ ಇಲ್ಲಿಗೆ ಬರೋಣ. ಇಂಥ ಆಪರೇಷನ್‌ಗಾಗಿ ಕರ್ನಾಟಕದ ತಂದೆ-ತಾಯಿ ಈಗ ವಿದೇಶಕ್ಕೆ ಹೋಗಬೇಕಿಲ್ಲ. 2001ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಶುರುವಾದ ಸತ್ಯಸಾಯಿ ಆಸ್ಪತ್ರೆ ಉಚಿತ ಹೃದಯ ಚಿಕಿತ್ಸೆ ಕೊಡ್ತಾ ಬಂದಿದೆ. ಬೊಮ್ಮಸಂದ್ರದ ನಾರಾಯಣ ಹೃದಯಾಲಯ ಮಕ್ಕಳ ಹೃದಯ ಆಪರೇಷನ್‌ಗೆ ದೊಡ್ಡ ಹೆಸರು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲೇ ಮಕ್ಕಳ ತಪಾಸಣೆ ನಡೆಯುತ್ತೆ, ಹುಟ್ಟಿನ ಹೃದಯ ದೋಷವೂ ಆ ಪಟ್ಟಿಯಲ್ಲಿದೆ.

ಆದರೆ ಈ ವ್ಯವಸ್ಥೆಯೆಲ್ಲ ಆಪರೇಷನ್‌ವರೆಗೆ ಕರಕೊಂಡು ಹೋಗುತ್ತೆ. ಆಮೇಲೆ? ಬೀದರ್‌ನಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬರೋದು ಅಂದ್ರೆ ಒಂದು ರಾತ್ರಿ ಪ್ರಯಾಣ, ಎರಡು ದಿನದ ಕೂಲಿ ನಷ್ಟ. ಮಗು ಓಡಾಡಿಕೊಂಡಿದೆ, ಶಾಲೆಗೆ ಹೋಗ್ತಿದೆ. ‘ಎಲ್ಲ ಸರಿಹೋಗಿದೆಯಲ್ಲ, ಮತ್ಯಾಕೆ ಆಸ್ಪತ್ರೆ’ ಅಂತ ಅನ್ನಿಸೋದು ಸಹಜ. ಅದನ್ನು ಅಜ್ಞಾನ ಅಂತ ಬೈಯೋದು ಸುಲಭ, ಆದರೆ ಬಸ್ ಚಾರ್ಜು ಕೊಡೋದು ಅವರೇ. ಇನ್ನು ನೋವೇ ಕೊಡದ ಕಾಯಿಲೆಗೆ ದುಡ್ಡು ಖರ್ಚು ಮಾಡಿ ಅಂತ ಯಾರನ್ನೇ ಒಪ್ಪಿಸೋದೂ ಕಷ್ಟ.

ಈ ಇತಿಹಾಸ ಹೇಳೋದು ಇದನ್ನೇ. ಸೆನ್ನಿಂಗ್, ಮಸ್ಟರ್ಡ್ ಆಪರೇಷನ್‌ಗಳ ಬೆಲೆ ಗೊತ್ತಾಗಿದ್ದು ಇಪ್ಪತ್ತು ವರ್ಷ ಆ ಮಕ್ಕಳ ಹಿಂದೆ ಬಿದ್ದು ನೋಡಿದ್ದರಿಂದ. ಸ್ವಿಚ್ ಆದವರ ಕರೊನರಿ ತೊಂದರೆ ಸಿಕ್ಕಿದ್ದು ಆರೋಗ್ಯವಾಗಿದ್ದವರನ್ನೂ ವಾಪಸ್ ಕರೆದು ನೋಡಿದ್ದರಿಂದ. ಕಿತಾಮುರಾ ಹೊಲಿದ ನಾಳ ಬೆಳೆಯುತ್ತೆ ಅಂತ ತಿಳಿದಿದ್ದೂ ಹಾಗೇ. ಪ್ರತಿ ಸಲವೂ ಉತ್ತರ ಸಿಕ್ಕಿದ್ದು ಫಾಲೋಅಪ್‌ನಲ್ಲಿ.

ಈ ಎಪಿಸೋಡ್ ಕೇಳ್ತಿರೋರಲ್ಲಿ ಎದೆಯ ನಡುವೆ ಉದ್ದದ ಗೆರೆ ಇರೋರೂ ಇರಬಹುದು. ಅಥವಾ ನಿಮ್ಮ ತಂಗಿಗೋ, ಫ್ರೆಂಡ್‌ಗೋ ಇರಬಹುದು. ‘ಚಿಕ್ಕವಯಸ್ಸಲ್ಲಿ ಹಾರ್ಟ್ ಆಪರೇಷನ್ ಆಗಿತ್ತಂತೆ’ ಅನ್ನೋದಷ್ಟೇ ಗೊತ್ತಿರುತ್ತೆ, ಯಾವ ಆಪರೇಷನ್ ಅಂತ ಗೊತ್ತಿರಲ್ಲ. ಅಮ್ಮನ ಬೀರುವಿನಲ್ಲಿ ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಫೋಟೊ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಅದರಲ್ಲಿ ‘ಆರ್ಟೀರಿಯಲ್ ಸ್ವಿಚ್’ ಅಂತಿದ್ದರೆ, ಕರೊನರಿ ಚೆಕ್ ಯಾವಾಗ ಆಗಿತ್ತು, ಮುಂದೆ ಯಾವಾಗ ಬೇಕು ಅಂತ ಹೃದಯ ವೈದ್ಯರನ್ನು ಕೇಳಿ. ಬೇಕಿದ್ದರೆ ಅವರು ಇಸಿಜಿ, ಎಕೊ, ಟ್ರೆಡ್‌ಮಿಲ್, ಸಿಟಿ ಸ್ಕ್ಯಾನ್ ಇವುಗಳಲ್ಲಿ ಯಾವುದು ಅಂತ ಹೇಳ್ತಾರೆ. ಓಡುವಾಗ ತಲೆಸುತ್ತಿ ಬಿದ್ದರೆ ಕಾಯಬೇಡಿ, ಅವತ್ತೇ ಹೋಗಿ. ಹೆಚ್ಚಿನವರಿಗೆ ಸಿಗೋ ಉತ್ತರ ‘ಎಲ್ಲ ಚೆನ್ನಾಗಿದೆ’ ಅಂತಲೇ. ಆ ಉತ್ತರ ಕೇಳಿಸಿಕೊಳ್ಳೋಕಾದ್ರೂ ಒಂದು ಸಲ ಹೋಗಿ ಬನ್ನಿ.

ಈ ಎಪಿಸೋಡ್ ಯಾರಿಗೆ ಬೇಕು ಅಂತ ನಿಮಗೆ ಹೊಳೆದಿದ್ದರೆ, ಅವರಿಗೆ ಈಗಲೇ ಕಳಿಸಿ. ಮತ್ತೆ ಸಿಗೋಣ.